ಹಣ್ಣಿನ ಮರಗಳ ಶಿಲೀಂಧ್ರ ರೋಗ: ಹಾಸನ, ಚಿಕ್ಕಮಗಳೂರು ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಎರಡು ಜಿಲ್ಲೆಗಳಲ್ಲಿ ಹವೆ ಎರಡು ಥರ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಲ್ಲಿ ಒದ್ದೆಯಾದ ಎಲೆ ಸೆಪ್ಟೆಂಬರ್‌ವರೆಗೆ ಸರಿಯಾಗಿ ಒಣಗುವುದಿಲ್ಲ. ಅರಸೀಕೆರೆ, ಕಡೂರು, ಅಜ್ಜಂಪುರ ಕಡೆ ಅದೇ ತಿಂಗಳಲ್ಲಿ ಮೋಡ ಬಂದು ಹಾಗೇ ದಾಟಿಹೋಗುತ್ತದೆ. ರೋಗವೂ ಅದಕ್ಕೆ ತಕ್ಕಂತೆಯೇ. ಸಕಲೇಶಪುರದ ನೆಂಟರು ಬರೆದುಕೊಟ್ಟ ಔಷಧಿ ಚೀಟಿ ಕಡೂರಿನ ತೋಟಕ್ಕೆ ಆಗಿಬರಬೇಕೆಂದೇನಿಲ್ಲ.

ಮರಕ್ಕೆ ಬಂದಿರುವುದು ಬೂಷ್ಟಿನ ರೋಗವೇ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ?

ಎಲ್ಲ ಎಲೆಯೂ ಒಂದೇ ಸಮ ಹಳದಿಯಾಗಿದ್ದರೆ ಅದು ಹೆಚ್ಚಾಗಿ ಗೊಬ್ಬರದ ಕೊರತೆ, ಇಲ್ಲವೇ ಬೇರಿನ ತೊಂದರೆ. ಶಿಲೀಂಧ್ರದ ಚುಕ್ಕೆ ಅಲ್ಲೊಂದು ಇಲ್ಲೊಂದು ಶುರುವಾಗಿ ದೊಡ್ಡದಾಗುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಅನೇಕ ಚುಕ್ಕೆಗಳಿಗೆ ನಡುವೆ ಬೂದು ಬಣ್ಣ, ಸುತ್ತ ಕಡುಕಂದು ಅಂಚು. ಎಲೆಯನ್ನು ಬೆಳಕಿಗೆ ಹಿಡಿದಾಗ ಚುಕ್ಕೆಯ ಸುತ್ತ ನೀರು ಹೀರಿದಂತೆ ಪಾರದರ್ಶಕವಾಗಿ ಕಂಡು, ಮುಟ್ಟಿದರೆ ಎಣ್ಣೆ ಸವರಿದಂತಿದ್ದರೆ ದುಂಡಾಣು (ಬ್ಯಾಕ್ಟೀರಿಯಾ) ರೋಗದ ಅನುಮಾನ ಪಡಬೇಕು.

ಸುಲಭದ ಪರೀಕ್ಷೆಯೊಂದಿದೆ. ರೋಗ ತಗುಲಿದ ಎಲೆ ಅಥವಾ ಕಾಯಿಯನ್ನು ಒದ್ದೆ ಕಾಗದದ ಜೊತೆ ಡಬ್ಬಿಯಲ್ಲಿ ಹಾಕಿ ಮುಚ್ಚಿ, ನೆರಳಲ್ಲಿ ಎರಡು ದಿನ ಇಡಿ. ಶಿಲೀಂಧ್ರವಾದರೆ ಸಾಮಾನ್ಯವಾಗಿ ಚುಕ್ಕೆಯ ಮೇಲೆ ಬಿಳಿ ನೂಲೋ, ಕಿತ್ತಳೆ-ಗುಲಾಬಿ ಬಣ್ಣದ ಅಂಟು ಹನಿಯೋ, ಕಪ್ಪು ಕಾಳಿನಂಥ ಬೊಟ್ಟೋ ಏಳುತ್ತದೆ. ಕಿತ್ತಳೆ-ಗುಲಾಬಿ ಹನಿ ಕಂಡರೆ ಅದು ಚಿಬ್ಬು ರೋಗದ (ಆಂತ್ರಾಕ್ನೋಸ್) ಗುರುತು.

ಕಾಫಿ ತೋಟದೊಳಗಿನ ಬಟರ್‌ಫ್ರೂಟ್ ಮರ ತುದಿಯಿಂದ ಬೋಳಾಗುತ್ತಿದೆ. ನೀರು ಕೊಟ್ಟರೂ ಚೇತರಿಸುತ್ತಿಲ್ಲ. ಯಾಕೆ?

ನೀರು ಕೊಡುವುದನ್ನು ಮೊದಲು ನಿಲ್ಲಿಸಿ. ಮಲೆನಾಡಿನಲ್ಲಿ ಬಟರ್‌ಫ್ರೂಟ್ ಸಾಯುವುದು ಬಹುಪಾಲು ಫೈಟೋಫ್ಥೊರಾ ಎಂಬ ಸೂಕ್ಷ್ಮಜೀವಿ ತರುವ ಬೇರುಕೊಳೆಯಿಂದ. ಎಲೆ ಸಣ್ಣದಾಗುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ಮಧ್ಯಾಹ್ನ ಬಾಡಿ ನೇತಾಡುತ್ತದೆ. ನೋಡಿದವರಿಗೆ ಬಾಯಾರಿದ ಮರದಂತೆ ಕಾಣುತ್ತದೆ. ನಿಜಕ್ಕೂ ಬಾಯಾರಿಯೇ ಇರುತ್ತದೆ, ಆದರೆ ನೀರು ಕುಡಿಯುವ ಸಣ್ಣ ಬೇರುಗಳೇ ಉಳಿದಿರುವುದಿಲ್ಲ. ಅದಕ್ಕೆ ಇನ್ನಷ್ಟು ನೀರು ಬಿಟ್ಟರೆ ಅಳಿದುಳಿದ ಬೇರೂ ಕೊಳೆಯುತ್ತದೆ.

ಖಚಿತ ಮಾಡಿಕೊಳ್ಳಲು ಬೇರು ನೋಡಲೇಬೇಕು. ರೆಂಬೆಗಳ ನೆರಳು ಬೀಳುವ ಅಂಚಿನಿಂದ ಸ್ವಲ್ಪ ಒಳಗೆ, ದರಗು (ಒಣ ಎಲೆ) ಸರಿಸಿ ಆರಿಂಚು ಕೆದಕಿ. ಈ ಮರದ ಉಣ್ಣುವ ಬೇರೆಲ್ಲ ಮೇಲ್ಮಣ್ಣಿನಲ್ಲೇ ಇರುತ್ತದೆ. ಒಳ್ಳೆಯ ಬೇರು ಕೆನೆ ಬಣ್ಣದ್ದು, ತುದಿ ಬೆಳ್ಳಗಿರುತ್ತದೆ. ಕೊಳೆತದ್ದು ಕಪ್ಪು. ಎರಡು ಬೆರಳಲ್ಲಿ ಹಿಡಿದೆಳೆದರೆ ಮೇಲಿನ ಸಿಪ್ಪೆ ಕಳಚಿ ಕೈಗೆ ಬರುತ್ತದೆ, ಒಳಗಿನ ದಾರದಂಥ ಎಳೆ ಮಣ್ಣಲ್ಲೇ ಉಳಿಯುತ್ತದೆ. ನಾಲ್ಕೂ ದಿಕ್ಕಿನಲ್ಲಿ ಕೆದಕಿ ನೋಡಿ. ಬಿಳಿ ಬೇರು ಎಲ್ಲೂ ಸಿಗದಿದ್ದರೆ ಆ ಮರದ ಮೇಲೆ ದುಡ್ಡು ಸುರಿಯುವುದಕ್ಕಿಂತ ಪಕ್ಕದ ಮರಗಳನ್ನು ಉಳಿಸಿಕೊಳ್ಳುವುದು ಮೇಲು.

ಅರ್ಧದಷ್ಟಾದರೂ ಬೇರು ಚೆನ್ನಾಗಿದ್ದರೆ ಉಳಿಸಬಹುದು. ಮಳೆಗೆ ಮೊದಲು ಮರದ ಮೇಲ್ಭಾಗದಲ್ಲಿ ಒಂದೂವರೆ-ಎರಡು ಅಡಿ ಆಳದ ಬಸಿಗಾಲುವೆ ತೆಗೆದು, ಇಳಿಜಾರಿನ ನೀರು ಬುಡಕ್ಕೆ ಬಾರದಂತೆ ತಿರುಗಿಸಿ. ಬುಡದ ಸುತ್ತ ಮಾಡಿದ ಪಾತಿ ಒಡೆದುಹಾಕಿ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ ಪುಡಿಯನ್ನು ಲೀಟರ್ ನೀರಿಗೆ 2 ಗ್ರಾಂನಂತೆ ಕಲಸಿ, ಮರದ ಗಾತ್ರ ನೋಡಿಕೊಂಡು 5ರಿಂದ 10 ಲೀಟರ್ ಬೇರಿನ ವಲಯಕ್ಕೆ ಹುಯ್ಯಬೇಕು. ಕಾಂಡದ ಮೇಲೆ ಸುರಿದರೆ ಪ್ರಯೋಜನವಿಲ್ಲ, ಉಣ್ಣುವ ಬೇರು ಅಲ್ಲಿಲ್ಲ. ಮಣ್ಣು ಹಸಿಯಾಗಿದ್ದು ಮಳೆ ಬಿಡುವು ಕೊಟ್ಟ ದಿನ ಹುಯ್ಯಿರಿ. ಜಡಿಮಳೆಯಲ್ಲಿ ಹುಯ್ದರೆ ಔಷಧಿ ಹಳ್ಳ ಸೇರುತ್ತದೆ. ಒಣ ರೆಂಬೆ ತೆಗೆದು, ಬೇರಿಗೆ ತಕ್ಕಷ್ಟು ಮಾತ್ರ ತಲೆ ಉಳಿಯುವಂತೆ ಮರವನ್ನು ಹಗುರ ಮಾಡಿ. ಆಮೇಲೆ ಬುಡದಿಂದ ಒಂದಡಿ ಬಿಟ್ಟು ದರಗಿನ ಹೊದಿಕೆ.

ಹೊಸ ಗಿಡವಾದರೆ ಗುಂಡಿಯಲ್ಲಲ್ಲ, ಒಂದೂವರೆ-ಎರಡಡಿ ಎತ್ತರದ ದಿಬ್ಬದ ಮೇಲೆ ನೆಡಿ. ಕಾಫಿ ಗಿಡದಂತೆ ಗುಂಡಿ ತೋಡಿ ಕೂರಿಸಿದ ಬಟರ್‌ಫ್ರೂಟ್ ಮೊದಲ ಮಳೆಗಾಲ ದಾಟಬಹುದು, ನಾಲ್ಕನೆಯದು ದಾಟುವುದು ಕಷ್ಟ.

ಅಂಗಡಿಯಲ್ಲಿ ಬೇರುಕೊಳೆಗೆ ಕಾರ್ಬೆಂಡಜಿಮ್ ಕೊಟ್ಟರು. ಎರಡು ಸಲ ಹಾಕಿದರೂ ಏನೂ ಆಗಲಿಲ್ಲ?

ಆಗುವುದೂ ಇಲ್ಲ. ಫೈಟೋಫ್ಥೊರಾವನ್ನು ವಾಡಿಕೆಯಲ್ಲಿ ಶಿಲೀಂಧ್ರ ಅಂತೇವೆ, ಹುಟ್ಟಿನಲ್ಲಿ ಅದು ಶಿಲೀಂಧ್ರವಲ್ಲ. ಕಂದು ಪಾಚಿಗಳಿಗೆ ಹತ್ತಿರದ ಜೀವಿ. ಅದರ ಬೀಜಾಣುಗಳಿಗೆ ಬಾಲವಿದೆ, ಮಣ್ಣಿನ ನೀರಿನಲ್ಲಿ ಈಜಿಕೊಂಡು ಬೇರು ಹುಡುಕುತ್ತವೆ. ಕಾರ್ಬೆಂಡಜಿಮ್ ಅದರ ಮೈಯಲ್ಲಿ ಕೆಲಸ ಮಾಡುವುದೇ ಇಲ್ಲ. ಅದಕ್ಕೆ ತಾಮ್ರ, ಮೆಟಲಾಕ್ಸಿಲ್, ಪೊಟ್ಯಾಸಿಯಂ ಫಾಸ್ಫೋನೇಟ್ ಇಂಥವೇ ಬೇಕು. ಹಾಗೆಯೇ ಬೂದಿ ರೋಗಕ್ಕೆ (ಬಿಳಿ ಹಿಟ್ಟು ಕೂರುವ ರೋಗ) ಮೆಟಲಾಕ್ಸಿಲ್ ಹೊಡೆದರೆ ಅದೂ ವ್ಯರ್ಥ. ‘ಬೂಷ್ಟಿನ ಔಷಧಿ ಕೊಡಿ’ ಅಂತ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ, ತಪ್ಪು ಅವರದೊಂದೇ ಅಲ್ಲ.

ಶೇ. 1ರ ಬೋರ್ಡೋ ದ್ರಾವಣ ಮಾಡುವ ಸರಿಯಾದ ಕ್ರಮ ಯಾವುದು?

100 ಲೀಟರಿಗೆ 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆ.ಜಿ. ಸುಟ್ಟ ಸುಣ್ಣ. ಬೆನ್ನಿಗೆ ಹಾಕುವ 16 ಲೀಟರ್ ಕ್ಯಾನಿಗಾದರೆ ಎರಡೂ 160 ಗ್ರಾಂ. ಮೈಲುತುತ್ತವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ಹಿಂದಿನ ರಾತ್ರಿ ತೂಗುಬಿಡಿ. ತಳಕ್ಕೆ ಹಾಕಿದರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಮೇಲೆ ತೂಗಿದರೆ ಕರಗಿದ ಭಾರದ ನೀರು ತಾನೇ ಕೆಳಗಿಳಿದು, ಬೆಳಗಾಗುವಷ್ಟರಲ್ಲಿ ಗಂಟು ಖಾಲಿ. ಇನ್ನೊಂದು ಡ್ರಮ್ಮಿನಲ್ಲಿ ಸುಣ್ಣವನ್ನು ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಅರಳಿಸಿ, ಆರಿದ ಮೇಲೆ 50 ಲೀಟರಿಗೆ ತಂದು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ನಾಜಲ್ ಕಟ್ಟಿಕೊಂಡು ಇಡೀ ದಿನ ಅದನ್ನು ಬಿಚ್ಚುವುದೇ ಕೆಲಸವಾಗುತ್ತದೆ.

ಈಗ ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ನಿಧಾನ ಹುಯ್ಯುತ್ತಾ ಮರದ ಕೋಲಿನಿಂದ ತಿರುಗಿಸುತ್ತಿರಿ. ತಿರುವುಮುರುವಾದರೆ ಕಣ ಒರಟಾಗಿ ಬೇಗ ತಳಕ್ಕಿಳಿಯುತ್ತದೆ, ಎಲೆಗೆ ಅಂಟುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಬ್ಬಿಣ, ತಗಡಿನ ಪಾತ್ರೆಯನ್ನು ತುತ್ತ ತಿನ್ನುತ್ತದೆ.

ಬಣ್ಣ ಆಕಾಶನೀಲಿಯಾಗಿದ್ದರೆ ಸಾಲದು, ಪರೀಕ್ಷೆ ಮಾಡಿ. ಉಜ್ಜಿ ಹೊಳೆಯಿಸಿದ ಕಬ್ಬಿಣದ ಚಾಕು ಅಥವಾ ಬ್ಲೇಡನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು-ಕಂದು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಹಾಗೇ ಹೊಡೆದರೆ ಎಳೆಚಿಗುರು ಸುಡುತ್ತದೆ. ಲೇಪ ಕೂರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ. ಹಳೆಯ, ಗಾಳಿಗೆ ಪುಡಿಯಾದ ಸುಣ್ಣಕ್ಕೆ ಶಕ್ತಿ ಕಮ್ಮಿ, ಅದು 1 ಕೆ.ಜಿ.ಗೆ ಸಾಲದು. ಮಾಡಿದ ದಿನವೇ ಮುಗಿಸಿ. ನಾಳೆಗೆ ಉಳಿಸಿದ್ದು ಬರಿಯ ನೀಲಿ ನೀರು.

ಬೋರ್ಡೋಗೆ ಬೇರೆ ಯಾವ ಕೀಟನಾಶಕವನ್ನೂ, ಗೊಬ್ಬರವನ್ನೂ ಬೆರೆಸಬೇಡಿ. ಮಲೆನಾಡಿನಲ್ಲಿ ಬೇಕಾದ್ದು ರಾಳದ ಅಂಟು ಮಾತ್ರ.

ಬೋರ್ಡೋ ಎಷ್ಟು ಸಲ, ಯಾವಾಗ ಹೊಡೆಯಬೇಕು?

ಬೋರ್ಡೋದಲ್ಲಿರುವ ತಾಮ್ರವು, ಬಂದ ರೋಗವನ್ನು ವಾಸಿಮಾಡುವ ಔಷಧಿಯಲ್ಲ. ಎಲೆಯ ಮೇಲೆ ಪದರವಾಗಿ ಕೂತು, ಬಂದು ಬಿದ್ದ ಬೀಜಾಣು ಮೊಳೆಯದಂತೆ ತಡೆಯುವುದಷ್ಟೇ ಅದರ ಕೆಲಸ. ಆದ್ದರಿಂದ ಮೊದಲ ಸಿಂಪಡಣೆ ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಮುಗಿದಿರಬೇಕು, ಆರಿದ್ರಾಕ್ಕೆ ಮುಂದೂಡಿದರೆ ಏಣಿ ಇಡಲೂ ಬಿಡುವು ಸಿಗುವುದಿಲ್ಲ. ಎರಡನೆಯದು 40-45 ದಿನದ ಮೇಲೆ, ಮಳೆ ನಾಲ್ಕು ಗಂಟೆ ಬಿಟ್ಟುಕೊಟ್ಟ ದಿನ. ಅಡಿಕೆಯವರಿಗೆ ಇದು ಹೊಸದಲ್ಲ. 1910ರ ಸುಮಾರಿಗೇ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ಸಿಂಪಡಣೆಯ ದಾರಿ ತೋರಿಸಿದ್ದರು. ಅಂದ ಹಾಗೆ, ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲೇ ‘ಕೊಳೆರೋಗ’ ಇದೆ: ಕೊಲೆರೋಗ ನಾಕ್ಸಿಯಾ. ಕನ್ನಡದ ಪದವೊಂದು ಲ್ಯಾಟಿನ್ ಸಾಲಿಗೆ ಸೇರಿದ್ದು ರೋಗದ ಮೂಲಕ!

ಮಾವಿನ ಹೂ ಕಪ್ಪಾಗಿ ಉದುರುತ್ತದೆ. ಬೂದಿ ರೋಗವೋ ಚಿಬ್ಬು ರೋಗವೋ?

ಹೂಗೊಂಚಲನ್ನು ಬೆರಳಲ್ಲಿ ಸವರಿ. ಬಿಳಿ ಹಿಟ್ಟು ಅಂಟಿದರೆ ಬೂದಿ ರೋಗ. ಹಿಟ್ಟಿಲ್ಲದೆ ಗೊಂಚಲಿನ ಕಡ್ಡಿಯ ಮೇಲೆ ಕಪ್ಪು-ಕಂದು ಗೀರು, ಹೂ ಸುಟ್ಟಂತೆ ಕಂಡರೆ ಚಿಬ್ಬು ರೋಗ. ಎರಡೂ ಇಲ್ಲದೆ ಕೆಳಗಿನ ಎಲೆ ಅಂಟಂಟಾಗಿ, ಮರ ಅಲ್ಲಾಡಿಸಿದಾಗ ಸಣ್ಣ ಹುಳುಗಳು ಚಿಟಪಟ ಹಾರಿದರೆ ಅದು ಜಿಗಿಹುಳು. ಶಿಲೀಂಧ್ರನಾಶಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಬೂದಿ ರೋಗಕ್ಕೆ ಮಳೆ ಬೇಡ. ಅದರ ಬೀಜಾಣು ನೀರಿನಲ್ಲಿ ನೆನೆದರೆ ಕೆಡುತ್ತದೆ. ಅದಕ್ಕೆ ಬೇಕಾದ್ದು ತಂಪು ರಾತ್ರಿ, ಒಣ ಹಗಲು, ಒಂದಿಷ್ಟು ಗಾಳಿ. ಜನವರಿಯ ಕಡೂರು, ಅರಸೀಕೆರೆ ಅಂದರೆ ಅದೇ ತಾನೆ? ಚಿಬ್ಬು ರೋಗ ಇದಕ್ಕೆ ತದ್ವಿರುದ್ಧ, ಗೊಂಚಲು ಗಂಟೆಗಟ್ಟಲೆ ಒದ್ದೆಯಿರಬೇಕು. ಕಾಫಿಯವರು ಕೈಮುಗಿದು ಕಾಯುವ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಅದೇ ತೋಟದ ಬೇಲಿಯ ಮಾವಿಗೆ ಚಿಬ್ಬು ತರುತ್ತದೆ.

ಬೂದಿಗೆ, ಗೊಂಚಲು ಎರಡು-ಮೂರು ಇಂಚು ಬಂದು ಹೂ ಇನ್ನೂ ಅರಳದಿರುವಾಗ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ. ಹದಿನೈದು ದಿನ ಬಿಟ್ಟು, ಕಾಯಿ ಕಚ್ಚಿದ ಮೇಲೆ ಹೆಕ್ಸಾಕೊನಜೋಲ್ ಲೀಟರಿಗೆ 1 ಮಿ.ಲೀ. ನಡುವೆ, ಹೂ ಪೂರ್ತಿ ಅರಳಿದಾಗ, ಏನನ್ನೂ ಹೊಡೆಯಬೇಡಿ. ನೊಣ, ಜೇನು ಓಡಿಹೋದರೆ ಕಾಯಿ ಕಚ್ಚುವುದು ಹೇಗೆ? ಗಂಧಕವನ್ನು ಬಿಸಿಲೇರುವ ಮೊದಲು ಹೊಡೆಯಿರಿ. 35 ಡಿಗ್ರಿ ಸಮೀಪಿಸಿದ ದಿನ ಅದು ಎಳೆಹೂವನ್ನೇ ಸುಡುತ್ತದೆ. ಬೇವಿನೆಣ್ಣೆ ಹೊಡೆದು ಮೂರು ವಾರವಾಗದೆ ಗಂಧಕ ಮುಟ್ಟಬೇಡಿ.

ಚಿಬ್ಬಿಗೆ, ಮಳೆಯ ಸೂಚನೆ ಕಂಡಾಗಲೇ ಕಾರ್ಬೆಂಡಜಿಮ್ ಲೀಟರಿಗೆ 1 ಗ್ರಾಂ. ಮುಂದಿನ ಸಲ ತಾಮ್ರದ ಆಕ್ಸಿಕ್ಲೋರೈಡ್ 3 ಗ್ರಾಂ, ಅದೂ ಕಾಯಿ ಗೋಲಿ ಗಾತ್ರವಾದ ಮೇಲೆ. ಒಂದೇ ಔಷಧಿಯನ್ನು ಪ್ರತಿ ಸಲವೂ ಹೊಡೆದರೆ ಅದಕ್ಕೆ ಜಗ್ಗದ ತಳಿಯನ್ನು ನಾವೇ ಸಾಕಿದಂತೆ.

ಕೀಳುವಾಗ ಮಾವು ಚೊಕ್ಕವಾಗಿತ್ತು. ಹಣ್ಣಾಗುತ್ತಲೇ ಕಪ್ಪು ಚುಕ್ಕೆ ಬಂತು. ಸಾಗಿಸುವಾಗ ಪೆಟ್ಟಾಯಿತೇ?

ಪೆಟ್ಟಲ್ಲ. ಚಿಬ್ಬಿನ ಬೀಜಾಣು ಎಳೆಗಾಯಿಯ ಸಿಪ್ಪೆಯೊಳಗೆ ಹೊಕ್ಕು ತಿಂಗಳುಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಹಸಿ ಕಾಯಿಯ ಸೊನೆ, ಒಗರು ಅದನ್ನು ತಡೆದಿರುತ್ತವೆ. ಹಣ್ಣಾದಾಗ ಆ ತಡೆ ಕಳಚಿ ಎಚ್ಚರಗೊಳ್ಳುತ್ತದೆ. ತೊಟ್ಟು ಸಮೇತ ಕಿತ್ತು, 52 ಡಿಗ್ರಿಯ ಬಿಸಿನೀರಿನಲ್ಲಿ 10 ನಿಮಿಷ ಮುಳುಗಿಸಿ, ನೆರಳಲ್ಲಿ ಆರಿಸಿದರೆ ಬಹಳಷ್ಟು ತಗ್ಗುತ್ತದೆ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. 55 ದಾಟಿದರೆ ಸಿಪ್ಪೆ ಬೆಂದುಹೋಗುತ್ತದೆ, 48ಕ್ಕಿಳಿದರೆ ಅಷ್ಟು ಹೊತ್ತು ಸಾಲುವುದಿಲ್ಲ.

ಎಲೆಯ ಮೇಲೆ ಕಾಡಿಗೆ ಬಳಿದಂತೆ ಕಪ್ಪು. ಏನು ಹೊಡೆಯಲಿ?

ಆ ಬೂಷ್ಟು ಮರವನ್ನು ತಿನ್ನುತ್ತಿಲ್ಲ, ಎಲೆಯ ಮೇಲೆ ಬಿದ್ದ ಸಿಹಿ ಅಂಟನ್ನು ತಿನ್ನುತ್ತಿದೆ. ಅಂಟು ಜಿಗಿಹುಳು, ಹಿಟ್ಟು ತಿಗಣೆಗಳದು, ಅವುಗಳನ್ನು ಕಾಯುವುದು ಇರುವೆ. ಹುಳು ಹೋದರೆ ಕಪ್ಪೂ ಹೋಗುತ್ತದೆ. ಎಲೆ ತೊಳೆಯಬೇಕೆಂದರೆ ಮೈದಾ ಗಂಜಿಯನ್ನು ತೆಳುವಾಗಿ ಕಾಯಿಸಿ ಬಿಸಿಲಿನ ದಿನ ಹೊಡೆಯಿರಿ, ಒಣಗಿದ ಮೇಲೆ ಹಪ್ಪಳದಂತೆ ಕಪ್ಪು ಸಮೇತ ಎದ್ದು ಉದುರುತ್ತದೆ.

ಹಲಸಿನ ಎಳೆಗಾಯಿಗಳೆಲ್ಲ ಕಪ್ಪಾಗಿ ಬೂಷ್ಟು ಹಿಡಿದು ಬೀಳುತ್ತಿವೆ?

ಬಿದ್ದದ್ದು ಕಾಯಿಯೇ ಅಂತ ಮೊದಲು ನೋಡಿ. ಹಲಸಿನಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡಿನದು ಬೆರಳಿನಷ್ಟು ದಪ್ಪ, ತೊಟ್ಟು ಸಣ್ಣ, ಹೆಚ್ಚಾಗಿ ರೆಂಬೆಯ ತುದಿಯಲ್ಲಿ. ಹೆಣ್ಣಿನದು ಕಾಂಡದಲ್ಲೋ ದಪ್ಪ ಕೊಂಬೆಯಲ್ಲೋ, ತೊಟ್ಟು ದಪ್ಪ, ತೊಟ್ಟು ಸೇರುವಲ್ಲಿ ಬಳೆಯಂಥ ಉಂಗುರ, ಮೈ ಮೇಲೆ ಮುಳ್ಳು ಮುಳ್ಳು. ಗಂಡು ಪರಾಗ ಉದುರಿಸಿದ ಮೇಲೆ ಬೂಷ್ಟು ಹಿಡಿದು ಕಪ್ಪಾಗಿ ಬೀಳುವುದು ಅದರ ಧರ್ಮ. ಅದಕ್ಕೆ ಔಷಧಿ ಹೊಡೆಯುವುದು ದುಡ್ಡು ದಂಡ.

ಉಂಗುರವಿರುವ ಗುಜ್ಜೆಯೇ (ಹಲಸಿನ ಎಳೆಗಾಯಿ) ತೊಟ್ಟಿನ ಕಡೆಯಿಂದ ಮೆತ್ತಗಾಗಿ, ಮೇಲೆ ಹತ್ತಿಯಂಥ ಬಿಳಿ, ಆಮೇಲೆ ಕಪ್ಪು ಗುಂಡುಸೂಜಿ ತಲೆಗಳಂಥ ಬೂಷ್ಟು ಬಂದರೆ ಅದು ರೈಜೋಪಸ್ ಕೊಳೆ. ಮರದಲ್ಲಿ ಸಿಕ್ಕಿಕೊಂಡ ಗಂಡು ಹೂಗಳಿಂದಲೇ ಅದು ಹಬ್ಬುವುದು. ದೋಟಿಯಿಂದ ಅವನ್ನೆಲ್ಲ ಕೆಡವಿ, ಆಯ್ದು ಹೂತುಬಿಡಿ. ಒತ್ತಾಗಿ ಬಿಟ್ಟ ಕಾಯಿಗಳನ್ನು ತೆಳು ಮಾಡಿ ಪಲ್ಯಕ್ಕೆ ಬಳಸಿ. ಆಮೇಲೂ ಬೇಕಿದ್ದರೆ ತಾಮ್ರದ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ.

ಕಿತ್ತಳೆ ಗಿಡದ ಬುಡದಲ್ಲಿ ಅಂಟು ಸೋರುತ್ತಿದೆ?

ಇದೂ ಫೈಟೋಫ್ಥೊರಾ. ಕಾಫಿಗೆ ಮಣ್ಣು ಏರಿಸುವಾಗ ಕಿತ್ತಳೆಯ ಕಸಿ ಗಂಟನ್ನೂ ಮುಚ್ಚಿಬಿಡುವುದು ಇದಕ್ಕೆ ದೊಡ್ಡ ಕಾರಣ. ಗಂಟು ನೆಲದಿಂದ ಮುಕ್ಕಾಲು-ಒಂದಡಿ ಮೇಲಿರಬೇಕು. ಮುಚ್ಚಿದ ಮಣ್ಣು ಬಿಡಿಸಿ, ಕೊಳೆತ ತೊಗಟೆಯನ್ನು ಚೂಪಾದ ಚಾಕುವಿನಿಂದ ಅಂಚಿನಲ್ಲಿ ಹಸಿರು-ಬಿಳಿ ಅಂಗಾಂಶ ಕಾಣುವವರೆಗೆ ಕೆರೆದು ತೆಗೆಯಿರಿ. ಗಾಯ ಒಂದು ದಿನ ಆರಲಿ. ನಂತರ ಬೋರ್ಡೋ ಮುಲಾಮು: 1 ಕೆ.ಜಿ. ತುತ್ತ, 1 ಕೆ.ಜಿ. ಸುಣ್ಣ, ಒಟ್ಟು 10 ಲೀಟರ್ ನೀರು. ಬ್ರಷ್‌ನಿಂದ ಎರಡಡಿ ಎತ್ತರಕ್ಕೆ ಬಳಿಯಿರಿ, ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಮುಗಿದ ಮೇಲೆ. ಕಾಂಡದ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ತೊಗಟೆ ಹೋಗಿದ್ದರೆ ಆ ಗಿಡದ ಆಸೆ ಬಿಡಿ.

ರೆಂಬೆ ತುದಿಯಿಂದ ಒಣಗುತ್ತಾ ಬರುತ್ತಿದೆ. ಎಲ್ಲಿಗೆ ಕತ್ತರಿಸಬೇಕು?

ಕತ್ತರಿಸಿದ ಮುಖ ನೋಡಿ ತೀರ್ಮಾನಿಸಿ. ಮರದ ತಿರುಳಿನಲ್ಲಿ ಕಂದು ಗೆರೆ ಕಂಡರೆ ರೋಗ ಇನ್ನೂ ಕೆಳಗಿದೆ. ಗೆರೆ ಮಾಯವಾದ ಜಾಗದಿಂದ ಇನ್ನೂ ಮೂರಿಂಚು ಕೆಳಗೆ ಕತ್ತರಿಸಿ, ಮುಲಾಮು ಹಚ್ಚಿ. ಮಲೆನಾಡಿನ ಹಲಸು, ಮಾವು, ಕಿತ್ತಳೆಯಲ್ಲಿ ಕವಲೊಡೆಯುವ ಜಾಗಕ್ಕೆ ತಿಳಿಗುಲಾಬಿ ಸುಣ್ಣ ಬಳಿದಂತೆ ಕಂಡರೆ ಅದು ಗುಲಾಬಿ ರೋಗ, ಅದನ್ನೂ ಹೀಗೇ ಕತ್ತರಿಸಿ ಸುಡಬೇಕು. ಮರದಿಂದ ಮರಕ್ಕೆ ಹೋಗುವಾಗ ಕತ್ತಿ, ಗರಗಸವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಸವರಿದ ಕೊಂಬೆಗಳನ್ನು ಬುಡದಲ್ಲೇ ರಾಶಿ ಹಾಕಿದರೆ ಕೆಲಸ ಅರ್ಧಕ್ಕೇ ಬಿಟ್ಟಂತೆ.

ದಾಳಿಂಬೆಗೆ ಎಷ್ಟು ಶಿಲೀಂಧ್ರನಾಶಕ ಹೊಡೆದರೂ ಕಾಯಿ ಸೀಳುವ ಕಪ್ಪು ಚುಕ್ಕೆ ನಿಲ್ಲುತ್ತಿಲ್ಲ?

ನಕ್ಷತ್ರದಂತೆ ಅಥವಾ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಸೀಳಿದರೆ ಅದು ದುಂಡಾಣು ಅಂಗಮಾರಿ, ಶಿಲೀಂಧ್ರವಲ್ಲ. ಅದಕ್ಕೆ ತೋಟದ ಶುಚಿ, ರೋಗವಿಲ್ಲದ ಗಿಡ, ಮಳೆಗಾಲದ ಫಸಲು ತೆಗೆಯದಿರುವುದು, ತಾಮ್ರ, ಇಷ್ಟರಲ್ಲೇ ದಾರಿ. ಇಡೀ ಗಿಡ ಒಂದೊಂದೇ ಕೊಂಬೆ ಹಳದಿಯಾಗಿ ಸೊರಗಿದರೆ ಬೇರೆ ಮಾತು: ಕಾಂಡವನ್ನು ಅಡ್ಡ ಕೊಯ್ದಾಗ ಬೂದು-ಕಪ್ಪು ಕಲೆ ಕಂಡರೆ ಸೆರಟೋಸಿಸ್ಟಿಸ್ ಸೊರಗು. ಸತ್ತ ಗಿಡವನ್ನು ಬೇರು ಸಮೇತ ಅಲ್ಲೇ ಸುಟ್ಟು, ಸುತ್ತಲಿನ ಗಿಡಗಳ ಬುಡಕ್ಕೆ ಪ್ರೊಪಿಕೊನಜೋಲ್ ಲೀಟರಿಗೆ 2 ಮಿ.ಲೀ.ನಂತೆ ಹುಯ್ಯಬೇಕು. ಬೇರನ್ನು ತೋಟದುದ್ದ ಎಳೆದುಕೊಂಡು ಹೋದರೆ ರೋಗ ಬಿತ್ತಿದಂತೆ.

ಬಾಳೆಯ ಪನಾಮ ಸೊರಗಿಗೆ ಔಷಧಿ ಇದೆಯೇ?

ಬಂದ ಗಿಡಕ್ಕಿಲ್ಲ. ಆ ಜಾಗದ ಬಾಳೆಕಂದು (ಮರಿಗಿಡ) ತೆಗೆದು ಬೇರೆಡೆ ನೆಡಬೇಡಿ.

ಮರದ ತೊಗಟೆ ತುಂಬ ಬೂದು-ಹಸಿರು ಹೊಪ್ಪಳೆ. ಕೆರೆದು ತೆಗೆಯಬೇಕೇ?

ಬೇಡ. ಅದು ಕಲ್ಲುಹೂ, ತೊಗಟೆಯನ್ನು ಜಾಗವಾಗಿ ಬಳಸುತ್ತದೆ ಅಷ್ಟೇ. ಬಂದಳಿಕೆ ಬೇರೆ, ಅದು ಮರದ ರಸ ಹೀರುವ ಗಿಡ; ಅದನ್ನು ಕೊಂಬೆ ಸಮೇತ ಕಡಿಯಿರಿ.

ಟ್ರೈಕೋಡರ್ಮಾ ಹಾಕಿದರೆ ರಾಸಾಯನಿಕ ಬೇಡವೇ?

ಒಳ್ಳೆಯದೇ, ಆದರೆ ಪುಡಿಯನ್ನು ಒಣ ಮಣ್ಣಿಗೆ ಎರಚಿದರೆ ಸತ್ತುಹೋಗುತ್ತದೆ. 1 ಕೆ.ಜಿ.ಯನ್ನು 100 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಹಿಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿ 10-15 ದಿನ ಇಡಿ. ನಡುವೆ ಒಂದು ಸಲ ಮಗುಚಿ. ಹಸಿರು ಹೊರಟ ಮೇಲೆ ಬೇರಿನ ವಲಯಕ್ಕೆ ಕೊಡಿ. ತಾಮ್ರ ಅದನ್ನೂ ಕೊಲ್ಲುತ್ತದೆ, ಹಾಗಾಗಿ ಮಣ್ಣಿಗೆ ಔಷಧಿ ಹುಯ್ದದ್ದಕ್ಕೂ ಇದಕ್ಕೂ ಹದಿನೈದು ದಿನದ ಅಂತರ ಬೇಕು. ಇದು ಮುಂಜಾಗ್ರತೆ. ಸಾಯುತ್ತಿರುವ ಮರಕ್ಕೆ ಇದನ್ನೇ ನೆಚ್ಚಿಕೊಳ್ಳಬೇಡಿ.

ಹೊಡೆಯುವಾಗ ಎಚ್ಚರಿಕೆ ಏನು?

ಡಬ್ಬಿಯ ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದನ್ನು ಓದಿ. ಬಟರ್‌ಫ್ರೂಟ್‌ನಂಥ ಬೆಳೆಯ ಹೆಸರು ಅನೇಕ ಔಷಧಿಗಳ ಮೇಲಿಲ್ಲ. ಹಾಗಿದ್ದಾಗ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿಯೇ ಬಳಸಿ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಹೊಡೆಯುವ ಅಭ್ಯಾಸ ಬಿಡಬೇಕು, ಕೈಯ ವಿಷ ನೇರ ಹೊಟ್ಟೆಗೆ ಹೋಗುತ್ತದೆ. ಬೋರ್ಡೋ ಹೊಡೆದ ತೋಟದ ಹುಲ್ಲಿಗೆ ಕುರಿ ಬಿಡಬೇಡಿ. ದನಕ್ಕಿಂತ ಕುರಿಗೆ ತಾಮ್ರ ಬಲು ಬೇಗ ವಿಷವಾಗುತ್ತದೆ. ಡ್ರಮ್ ತೊಳೆದ ನೀರು ಮೀನಿನ ಹೊಂಡಕ್ಕೆ ಇಳಿಯಕೂಡದು.

ಪರೀಕ್ಷೆಗೆ ಮಾದರಿ ಹೇಗೆ ಒಯ್ಯಬೇಕು?

ಚಿಕ್ಕಮಗಳೂರಿನವರಿಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ, ಹಾಸನದವರಿಗೆ ಕಂದಲಿಯದು. ಪೂರ್ತಿ ಸತ್ತ ರೆಂಬೆ ಒಯ್ದರೆ ಅಲ್ಲಿ ಸಿಗುವುದು ಆಮೇಲೆ ಬಂದ ಬೂಷ್ಟು ಮಾತ್ರ. ಅರ್ಧ ಚೆನ್ನಾಗಿರುವ, ಅರ್ಧ ರೋಗವಿರುವ ಭಾಗ ಬೇಕು. ಎಲೆಯನ್ನು ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಬೆವತು ಕೊಳೆಯುತ್ತದೆ. ಬೇರುಕೊಳೆಯಾದರೆ ಸಣ್ಣ ಬೇರಿನ ಜೊತೆ ಅರ್ಧ ಕೆ.ಜಿ. ಮಣ್ಣು, ಇದನ್ನು ಮಾತ್ರ ಒಣಗದಂತೆ ಕವರಿನಲ್ಲಿ ಕಟ್ಟಿ, ಬಿಸಿಲು ತಾಗುವ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಡಬೇಡಿ. ಹಿಂದಿನ ತಿಂಗಳು ಏನೇನು ಹೊಡೆದಿದ್ದೀರಿ ಎಂಬ ಚೀಟಿಯೂ ಜೊತೆಗಿರಲಿ. ಕಿತ್ತ ದಿನವೇ ತಲುಪಿಸಿ. ಶನಿವಾರ ಸಂಜೆ ಕಿತ್ತದ್ದು ಸೋಮವಾರ ಬಾಗಿಲು ತೆರೆಯುವ ಹೊತ್ತಿಗೆ ಬೇರೆಯೇ ಬೂಷ್ಟು ಹಿಡಿದಿರುತ್ತದೆ.